ಇಡೀ ದಿನ ಕಡಲ ಮೇಲೆ: ಯಾವ ಹಡಗು, ಯಾವ ಕ್ಯಾಬಿನ್, ಯಾವ ಮೂಲೆ?

ಕ್ರೂಸ್ ಬುಕ್ ಮಾಡುವಾಗ ಎಲ್ಲರ ಕಣ್ಣೂ ಬಂದರುಗಳ ಪಟ್ಟಿಯ ಮೇಲೇ ಇರುತ್ತದೆ. ಯಾವ ಊರು, ಎಷ್ಟು ಗಂಟೆ, ಏನೇನು ನೋಡಬಹುದು ಅಂತ. ನಡುನಡುವೆ ‘ಅಟ್ ಸೀ’ ಎಂದು ಬರೆದ ದಿನಗಳ ಮೇಲೆ ಯಾರೂ ಕಣ್ಣು ಹಾಯಿಸುವುದಿಲ್ಲ. ನನಗೆ ಆ ದಿನಗಳೇ ಇಷ್ಟ. ಹಡಗು ಎಲ್ಲೂ ನಿಲ್ಲುವುದಿಲ್ಲ, ಬೆಳಗ್ಗೆ ಎದ್ದು ಬಸ್ಸಿಗೆ ಓಡಬೇಕಿಲ್ಲ, ಸುತ್ತ ಎಲ್ಲಿ ನೋಡಿದರೂ ನೀರು. ಹೀಗಿದ್ದೂ ಇದೇ ದಿನ ಕೆಲವರಿಗೆ ಹಾಯಾಗಿರುತ್ತದೆ, ಕೆಲವರಿಗೆ ಸಂತೆಯ ನಡುವೆ ಚಾಪೆ ಹಾಸಿ ಮಲಗಿದ ಹಾಗಿರುತ್ತದೆ.

ಇಷ್ಟು ವ್ಯತ್ಯಾಸ ಬರುವುದು ಬಹುಪಾಲು ಕೂರುವ ಜಾಗದಿಂದ. ಜಾರುಬಂಡೆ ಎಷ್ಟಿವೆ, ರೆಸ್ಟೋರೆಂಟ್ ಎಷ್ಟಿವೆ ಅನ್ನೋದು ಆಮೇಲಿನ ಮಾತು. ನಾಲ್ಕೈದು ಗಂಟೆ ಯಾರ ಕಾಟವೂ ಇಲ್ಲದೆ ಕೂರಲು ನಿಮಗೆ ಎಲ್ಲಿ ಜಾಗ ಸಿಗುತ್ತದೆ? ಅಲ್ಲಿ ನೆರಳಿದೆಯಾ? ಗಾಳಿ ಎಷ್ಟು? ಸದ್ದು ಎಷ್ಟು? ಈ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಮೊದಲು ಮಾರ್ಗ, ಆಮೇಲೆ ಹಡಗು, ಆಮೇಲೆ ಕ್ಯಾಬಿನ್ ಆರಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಅದೇ ಕ್ರಮದಲ್ಲಿ ಹೇಳುತ್ತೇನೆ.

ಒಂಟಿ ದಿನವೋ, ಸಾಲಾಗಿ ಐದಾರು ದಿನವೋ

ವಾರದ ಪ್ರವಾಸದಲ್ಲಿ ಒಂದೋ ಎರಡೋ ದಿನ ಕಡಲ ಮೇಲೆ ಕಳೆಯುತ್ತದೆ. ಮೆಡಿಟರೇನಿಯನ್ ಕಡೆ ಬಂದರುಗಳು ಹತ್ತಿರ ಹತ್ತಿರ ಇರುವುದರಿಂದ ಅದೂ ಸಿಗದೆ ಹೋಗಬಹುದು. ಹೀಗೆ ಸಿಗುವ ಒಂಟಿ ದಿನವೇ ಹಡಗಿನಲ್ಲಿ ಅತಿ ಜಾಸ್ತಿ ಗದ್ದಲದ ದಿನ. ಕಾರಣ ಸುಲಭ. ಈಜುಕೊಳ, ಸ್ಪಾ, ಆಟ, ಅಂಗಡಿ ಎಲ್ಲವನ್ನೂ ಎಲ್ಲರೂ ಅದೇ ಒಂದು ದಿನದಲ್ಲಿ ಮುಗಿಸಬೇಕು. ಬಂದರಿನಲ್ಲಿ ನಿಂತಾಗ ಹಡಗಿನ ಕ್ಯಾಸಿನೊ ಮತ್ತು ತೆರಿಗೆರಹಿತ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ನಡುಗಡಲಿಗೆ ಬಂದ ಮೇಲೆ ತೆರೆಯುತ್ತವೆ. ಹಾಗಾಗಿ ಆ ದಿನ ಹಡಗಿನವರೂ ಪೂರ್ತಿ ಹುರುಪಿನಲ್ಲಿರುತ್ತಾರೆ.

ಸಾಲಾಗಿ ಐದಾರು ದಿನ ಸಿಕ್ಕರೆ ಕಥೆಯೇ ಬೇರೆ. ಮೊದಲ ದಿನ ಗಲಾಟೆ, ಎರಡನೇ ದಿನವೂ ಸ್ವಲ್ಪ ಗಲಾಟೆ. ಮೂರನೇ ದಿನಕ್ಕೆ ಜನ ನಿಧಾನವಾಗುತ್ತಾರೆ. ಪುಸ್ತಕಗಳು ಹೊರಗೆ ಬರುತ್ತವೆ. ಒಬ್ಬೊಬ್ಬರೂ ತಮ್ಮ ತಮ್ಮ ಮೂಲೆ ಹಿಡಿಯುತ್ತಾರೆ. ಕಡಲ ದಿನ ಅಂದರೆ ಏನು ಅಂತ ನಿಜವಾಗಿ ಗೊತ್ತಾಗಬೇಕಾದರೆ ಇಂಥ ಪ್ರಯಾಣವನ್ನೇ ಆರಿಸಿ ಅಂತ ನಾನು ಹೇಳುತ್ತೇನೆ.

ಇದಕ್ಕೆ ದಾರಿ ಮೂರಿವೆ. ಮೊದಲನೆಯದು ರೀಪೊಸಿಷನಿಂಗ್ ಪ್ರಯಾಣ. ಚಳಿಗಾಲ ಕೆರಿಬಿಯನ್‌ನಲ್ಲಿ ಕಳೆದ ಹಡಗುಗಳು ಏಪ್ರಿಲ್-ಮೇ ಹೊತ್ತಿಗೆ ಅಟ್ಲಾಂಟಿಕ್ ದಾಟಿ ಯುರೋಪಿಗೆ ಹೋಗುತ್ತವೆ, ಅಕ್ಟೋಬರ್-ನವೆಂಬರ್‌ನಲ್ಲಿ ವಾಪಸ್ ಬರುತ್ತವೆ. ಹೇಗೂ ಹೋಗಲೇಬೇಕಾದ ಹಡಗು. ಅದಕ್ಕೆ ದಿನವೊಂದರ ಲೆಕ್ಕದಲ್ಲಿ ದರ ಕಡಿಮೆ ಇರುವುದು ಹೆಚ್ಚು. ತೊಂದರೆ ಏನೆಂದರೆ ಹತ್ತಿದ ಊರಿನಲ್ಲಿ ಇಳಿಯುವುದಿಲ್ಲ. ವಿಮಾನದ ಟಿಕೆಟ್ ಸೇರಿಸಿ ಲೆಕ್ಕ ಹಾಕದಿದ್ದರೆ ಅಗ್ಗ ಅನ್ನೋದು ಬರೀ ಕಾಗದದ ಮೇಲೆ.

ಎರಡನೆಯದು ಅಮೆರಿಕದ ಪಶ್ಚಿಮ ಕರಾವಳಿಯಿಂದ ಹವಾಯಿಗೆ ಹೋಗಿ ಬರುವ ಪ್ರಯಾಣ. ಹೋಗುವಾಗ ನಾಲ್ಕೈದು ದಿನ, ಬರುವಾಗ ನಾಲ್ಕೈದು ದಿನ ಬರೀ ಪೆಸಿಫಿಕ್. ಹತ್ತಿದಲ್ಲೇ ಇಳಿಯುತ್ತೀರಿ ಅನ್ನೋದು ಇದರ ಅನುಕೂಲ.

ಮೂರನೆಯದು ‘ಕ್ವೀನ್ ಮೇರಿ 2’. 2004ರಲ್ಲಿ ಮೊದಲ ಪ್ರಯಾಣ ಮಾಡಿದ ಈ ಹಡಗು ಸೌತಾಂಪ್ಟನ್ ಮತ್ತು ನ್ಯೂಯಾರ್ಕ್ ನಡುವೆ ಸಾಮಾನ್ಯವಾಗಿ ಏಳು ರಾತ್ರಿಯ ಪ್ರಯಾಣ ಮಾಡುತ್ತದೆ. ನಡುವೆ ಬಂದರಿಲ್ಲ. ಇದರಲ್ಲಿ ಹೋಗುವುದಾದರೆ ದಿಕ್ಕನ್ನೂ ಯೋಚಿಸಿ ಆರಿಸಿ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುವಾಗ ಗಡಿಯಾರವನ್ನು ಒಟ್ಟು ಐದು ಗಂಟೆ ಹಿಂದಕ್ಕೆ ತಿರುಗಿಸಬೇಕು. ದಿನಕ್ಕೊಂದು ಗಂಟೆಯಂತೆ ಹಿಂದಕ್ಕೆ ಹೋಗುವುದರಿಂದ ನಿಮಗೆ 25 ಗಂಟೆಯ ದಿನಗಳು ಐದು ಸಿಗುತ್ತವೆ. ಎದುರು ದಿಕ್ಕಿನಲ್ಲಿ ಅದೇ ಐದು ದಿನ 23 ಗಂಟೆಯವು. ಕೇಳಿದರೆ ಸಣ್ಣ ವಿಷಯ ಅನ್ನಿಸುತ್ತದೆ. ಪ್ರತಿ ರಾತ್ರಿ ಒಂದು ಗಂಟೆ ಜಾಸ್ತಿ ನಿದ್ದೆ ಮಾಡಿ ಏಳುವವರಿಗೂ ಒಂದು ಗಂಟೆ ಕಳೆದುಕೊಂಡು ಏಳುವವರಿಗೂ ಇರುವ ವ್ಯತ್ಯಾಸ ನಾಲ್ಕನೇ ದಿನಕ್ಕೆ ಮುಖದಲ್ಲೇ ಕಾಣುತ್ತದೆ. ವಿಶ್ರಾಂತಿಯೇ ಉದ್ದೇಶವಾದರೆ ಪಶ್ಚಿಮಕ್ಕೆ ಹೋಗುವ ಪ್ರಯಾಣವೇ ಸರಿ.

ಅಲಾಸ್ಕಾದಂಥ ಕಡೆ ಇನ್ನೊಂದು ಬಗೆಯ ದಿನವಿದೆ. ಹಡಗು ಎಲ್ಲೂ ನಿಲ್ಲುವುದಿಲ್ಲ, ಆದರೆ ಪಕ್ಕದಲ್ಲೇ ಹಿಮನದಿ, ಬೆಟ್ಟ ಇರುತ್ತವೆ. ಗ್ಲೇಸಿಯರ್ ಬೇಯಲ್ಲಿ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಅವಕಾಶ. ತುಂಬಾ ಚೆನ್ನಾಗಿರುತ್ತದೆ. ಆದರೆ ಅದು ವಿಶ್ರಾಂತಿಯ ದಿನವಲ್ಲ. ಎಲ್ಲರೂ ಕೋಟು ಹಾಕಿಕೊಂಡು ರೇಲಿಂಗ್ ಹಿಡಿದು ನಿಂತಿರುತ್ತಾರೆ, ಯಾವ ಗಳಿಗೆಯಲ್ಲಿ ಹಿಮದ ತುಂಡು ಬೀಳುತ್ತದೋ ಅಂತ. ಸುಮ್ನೆ ಇರುವ ದಿನ ಬೇಕಾದರೆ ಏನೂ ಕಾಣದ ಕಡಲೇ ಒಳ್ಳೆಯದು.

ದೊಡ್ಡ ಹಡಗು, ಚಿಕ್ಕ ಹಡಗು: ಒಂದು ಭಾಗಾಕಾರ

ದೊಡ್ಡ ಹಡಗಿನಲ್ಲಿ ನೂಕುನುಗ್ಗಲು, ಚಿಕ್ಕದರಲ್ಲಿ ನೆಮ್ಮದಿ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ಸರಳವಲ್ಲ. ಒಬ್ಬೊಬ್ಬರಿಗೆ ಎಷ್ಟು ಜಾಗ ಬರುತ್ತದೆ ಅಂತ ನೋಡಬೇಕು. ಅದಕ್ಕೊಂದು ಲೆಕ್ಕವಿದೆ. ಹಡಗಿನ ಗ್ರಾಸ್ ಟನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸುವುದು. ಗ್ರಾಸ್ ಟನೇಜ್ ಅಂದರೆ ತೂಕವಲ್ಲ, ಹಡಗಿನ ಒಳಗಿನ ಒಟ್ಟು ಜಾಗದ ಅಳತೆ. ಉತ್ತರ 30ರ ಆಸುಪಾಸಿನಲ್ಲಿದ್ದರೆ ಇಕ್ಕಟ್ಟು, 40 ದಾಟಿದರೆ ಪರವಾಗಿಲ್ಲ, 50 ದಾಟಿದರೆ ಧಾರಾಳ ಅಂತ ಇಟ್ಟುಕೊಳ್ಳಬಹುದು.

ಜನವರಿ 2024ರಲ್ಲಿ ಹೊರಟ ‘ಐಕಾನ್ ಆಫ್ ದ ಸೀಸ್’ ನೋಡಿ. ಸುಮಾರು 2,48,600 ಗ್ರಾಸ್ ಟನ್. ಕ್ಯಾಬಿನ್‌ಗೆ ಇಬ್ಬರಂತೆ 5,610 ಜನ. ಭಾಗಿಸಿದರೆ 44. ಚೆನ್ನಾಗಿದೆ ಅಲ್ವಾ? ಆದರೆ ಇದು ಮಕ್ಕಳೊಂದಿಗೆ ಬರುವವರ ಹಡಗು. ಶಾಲೆಗೆ ರಜೆ ಇದ್ದಾಗ ಸೋಫಾ ಹಾಸಿಗೆ, ಮೇಲಿನ ಹಾಸಿಗೆ ಎಲ್ಲ ತುಂಬಿದರೆ 7,600ರವರೆಗೂ ಜನ ಹಿಡಿಯುತ್ತಾರೆ. ಆಗ ಅದೇ ಲೆಕ್ಕ 33ಕ್ಕೆ ಇಳಿಯುತ್ತದೆ. ಹಡಗು ಅದೇ, ತಿಂಗಳು ಬೇರೆ, ಅನುಭವವೂ ಬೇರೆ. ಅಲ್ಲದೆ ಆ ಜಾಗದಲ್ಲಿ ದೊಡ್ಡ ಪಾಲು ವಾಟರ್ ಪಾರ್ಕ್, ರಂಗಮಂದಿರ, ಅಂಗಡಿಸಾಲುಗಳಿಗೆ ಹೋಗಿರುತ್ತದೆ. ಸುಮ್ನೆ ಕೂರುವ ಜಾಗ ಅಂಕಿ ತೋರಿಸುವಷ್ಟಿರುವುದಿಲ್ಲ.

‘ಕ್ವೀನ್ ಮೇರಿ 2’ಗೆ ಇದೇ ಲೆಕ್ಕ ಹಾಕಿದರೆ 55 ಬರುತ್ತದೆ. ವೈಕಿಂಗ್ ಕಂಪನಿಯ ಸಾಗರ ಹಡಗುಗಳು ಗಾತ್ರದಲ್ಲಿ ಐಕಾನ್‌ನ ಐದನೇ ಒಂದು ಭಾಗ ಮಾತ್ರ, ಸುಮಾರು 47,800 ಟನ್. ಜನ 930. ಲೆಕ್ಕ 51. ಅಲ್ಲಿ 18 ವರ್ಷದೊಳಗಿನವರಿಗೆ ಪ್ರವೇಶವಿಲ್ಲ, ಕ್ಯಾಸಿನೊ ಇಲ್ಲ. ಸ್ಪಾದಲ್ಲಿ ಬಿಸಿ ಕೊಳ, ಸೌನಾ, ಕೃತಕ ಹಿಮ ಬೀಳುವ ಪುಟ್ಟ ಕೋಣೆ ಎಲ್ಲ ಟಿಕೆಟ್‌ನಲ್ಲೇ ಸೇರಿದೆ. ಕಡಲ ದಿನಕ್ಕೆ ಅಂತಲೇ ಮಾಡಿದ ಹಾಗಿದೆ. ದರ ಮಾತ್ರ ಮೇಲ್ಮಟ್ಟದ್ದು.

ಈ ಲೆಕ್ಕ ಒಂದು ಕಡೆ ಪೂರ್ತಿ ಸೋಲುತ್ತದೆ. ‘ರಾಯಲ್ ಕ್ಲಿಪ್ಪರ್’ ಅಂತ ಒಂದು ಹಾಯಿ ಹಡಗಿದೆ. 2000ನೇ ಇಸವಿಯದು. ಐದು ಕಂಬ, 42 ಹಾಯಿ, 227 ಪ್ರಯಾಣಿಕರು. ಭಾಗಿಸಿದರೆ 20ಕ್ಕೂ ಕಡಿಮೆ. ಕಾಗದದ ಮೇಲೆ ಅತಿ ಇಕ್ಕಟ್ಟಿನ ಹಡಗು. ಆದರೆ ಅಲ್ಲಿ ಹಡಗಿನ ಮೂತಿಯಾಚೆ ಚಾಚಿಕೊಂಡ ಮರದ ಕೆಳಗೆ ಹಗ್ಗದ ಬಲೆ ಕಟ್ಟಿರುತ್ತಾರೆ. ಕಡಲು ಶಾಂತವಾಗಿದ್ದಾಗ ಆ ಬಲೆಯ ಮೇಲೆ ಹೋಗಿ ಮಲಗಬಹುದು. ಬೆನ್ನ ಕೆಳಗೆ ಹಗ್ಗ, ಅದರ ಕೆಳಗೆ ನೀರನ್ನು ಸೀಳಿಕೊಂಡು ಬರುವ ಹಡಗಿನ ಮೂತಿ. ಅದೃಷ್ಟವಿದ್ದರೆ ಡಾಲ್ಫಿನ್‌ಗಳು ಆ ನೀರಲ್ಲೇ ಜೊತೆಗೆ ಓಡುತ್ತವೆ. ಎಂಜಿನ್ ನಿಲ್ಲಿಸಿ ಬರೀ ಹಾಯಿಯಲ್ಲಿ ಸಾಗುವಾಗ ಕೇಳುವುದು ಬಟ್ಟೆ, ಹಗ್ಗ, ನೀರಿನ ಸದ್ದು ಮಾತ್ರ. ಇಂಥ ಹಡಗು ಓಲಾಡುವುದು ಜಾಸ್ತಿ, ಮನರಂಜನೆ ಕಡಿಮೆ, ಲಿಫ್ಟ್ ಇಲ್ಲ. ಮೊಣಕಾಲು ಗಟ್ಟಿಯಿದ್ದು, ಹೊಟ್ಟೆ ತೊಳಸುವ ತೊಂದರೆ ಇಲ್ಲದವರಿಗೆ ನಾನು ಇದನ್ನೇ ಮೊದಲು ಹೇಳುವುದು.

ಮನೆಮಂದಿಯೆಲ್ಲ ಸೇರಿ ಹೋಗುವುದಾದರೆ ಮಾತ್ರ ದೊಡ್ಡ ಹಡಗೇ ವಾಸಿ. ಮಕ್ಕಳು ಮಕ್ಕಳ ಕ್ಲಬ್‌ಗೆ ಹೋಗುತ್ತಾರೆ, ಅಜ್ಜ-ಅಜ್ಜಿ ಸಂಗೀತ ಕೇಳುತ್ತಾರೆ, ನಿಮಗೆ ಎರಡು ಗಂಟೆ ಸಿಗುತ್ತದೆ. ಚಿಕ್ಕ ಹಡಗಿನಲ್ಲಿ ಬೇಸರಗೊಂಡ ಮಗು ಒಂದಿದ್ದರೆ ಆ ದಿನ ಯಾರಿಗೂ ವಿಶ್ರಾಂತಿಯಿಲ್ಲ.

ಕ್ಯಾಬಿನ್: ಬಾಲ್ಕನಿಗೆ ದುಡ್ಡು ಕೊಡಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಕಡಲ ದಿನಗಳ ಲೆಕ್ಕದ ಮೇಲೆ ನಿಂತಿದೆ. ದಿನಾ ಒಂದು ಬಂದರು ಇದ್ದರೆ ಬಾಲ್ಕನಿ ವ್ಯರ್ಥ. ನೀವು ಅಲ್ಲಿ ಇರುವುದೇ ಇಲ್ಲ. ಕಡಲ ದಿನ ಮೂರು ದಾಟಿದರೆ, ಮತ್ತು ಮಾರ್ಗ ಬೆಚ್ಚಗಿನ ನೀರಿನಲ್ಲಿದ್ದರೆ, ಬೇರೆ ಖರ್ಚು ಕಡಿಮೆ ಮಾಡಿಯಾದರೂ ಬಾಲ್ಕನಿ ತೆಗೆದುಕೊಳ್ಳಿ. ಇಡೀ ಹಡಗಿನಲ್ಲಿ ಬೆಳಗ್ಗೆ ಎದ್ದು ಜಾಗ ಹಿಡಿಯಬೇಕಿಲ್ಲದ ಒಂದೇ ಕುರ್ಚಿ ಅದು.

ಎಲ್ಲ ಬಾಲ್ಕನಿಗಳೂ ಒಂದೇ ಅಲ್ಲ. ಇಲ್ಲಿ ಸ್ವಲ್ಪ ಗಮನ ಕೊಡಿ.

ಹಡಗಿನ ಹಿಂಭಾಗದ ಬಾಲ್ಕನಿಗೆ ಎದುರುಗಾಳಿ ತಾಗುವುದಿಲ್ಲ, ಹಡಗೇ ಅಡ್ಡ ನಿಂತಿರುತ್ತದೆ. ಹಡಗು ಹಿಂದೆ ಬಿಟ್ಟು ಬಂದ ಬಿಳಿ ನೊರೆಯ ದಾರಿ ಬಾನಂಚಿನವರೆಗೂ ಕಾಣುತ್ತದೆ. ಅದನ್ನು ನೋಡುತ್ತಾ ಎಷ್ಟು ಹೊತ್ತು ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಆದರೆ ಪ್ರೊಪೆಲ್ಲರ್‌ನ ನಡುಕ ಕೆಳಗಿನ ಡೆಕ್‌ಗಳಲ್ಲಿ, ಅಂದರೆ ಹಡಗಿನ ಕೆಳಗಿನ ಅಂತಸ್ತುಗಳಲ್ಲಿ, ಗೊತ್ತಾಗುತ್ತದೆ. ಅಲೆ ಎದ್ದಾಗ ಹಿಂಭಾಗ ಏರಿ ಇಳಿಯುತ್ತದೆ. ಚಿಮಣಿಯ ಮಸಿ ಕೆಲವೊಮ್ಮೆ ಮೇಲಿನ ಬಾಲ್ಕನಿಗಳ ಮೇಲೆ ಬೀಳುವುದೂ ಉಂಟು.

ಪಕ್ಕದ ಬಾಲ್ಕನಿಗಳಲ್ಲಿ ಬಿಸಿಲು ಯಾವ ಕಡೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಬಹುದು. ಉತ್ತರಾರ್ಧ ಗೋಳದಲ್ಲಿ ಪಶ್ಚಿಮಕ್ಕೆ ಸಾಗುವ ಹಡಗಿಗೆ ದಕ್ಷಿಣ ಎಡಗಡೆ. ಅಂದರೆ ಮಧ್ಯಾಹ್ನದ ಬಿಸಿಲೆಲ್ಲ ಎಡಗಡೆಗೆ, ಬಲಗಡೆಗೆ ನೆರಳು. ಪೂರ್ವಕ್ಕೆ ಹೋದರೆ ತಿರುಗುಮುರುಗು. ಉತ್ತರಕ್ಕೆ ಹೋದರೆ ಬೆಳಗಿನ ಬಿಸಿಲು ಬಲಕ್ಕೆ, ಸಂಜೆಯದು ಎಡಕ್ಕೆ. ತಣ್ಣನೆಯ ಅಟ್ಲಾಂಟಿಕ್‌ನಲ್ಲಿ ಬಿಸಿಲಿನ ಕಡೆಯೇ ಬೇಕು. ಉಷ್ಣವಲಯದಲ್ಲಾದರೆ ನೆರಳಿನ ಕಡೆ ಕುರ್ಚಿ ಹಾಕಿದವರೇ ಜಾಣರು.

ಕೆಳಗಿನ ಡೆಕ್‌ನ ಕೆಲವು ಬಾಲ್ಕನಿಗಳು ಹಡಗಿನ ಮೈಯೊಳಗೇ ಕೊರೆದ ಹಾಗಿರುತ್ತವೆ. ರೇಲಿಂಗ್ ಗಾಜಿನದಲ್ಲ, ಉಕ್ಕಿನ ಗೋಡೆ. ಕೂತಾಗ ನೋಟ ಸ್ವಲ್ಪ ಕಡಿಮೆ. ಆದರೆ ಗಾಳಿ ಕಡಿಮೆ, ನೆರಳು ಜಾಸ್ತಿ, ನೀರು ಹತ್ತಿರ. ನೀರು ಒಡೆಯುವ ಸದ್ದು ಇಲ್ಲಿ ಕೇಳುವಷ್ಟು ಹತ್ತನೇ ಡೆಕ್‌ನಲ್ಲಿ ಕೇಳುವುದಿಲ್ಲ. ಬೆಚ್ಚಗಿನ ಕಡಲಿನಲ್ಲಿ ಹಾರುಮೀನುಗಳು ಹಡಗಿನ ಅಲೆಗೆ ಬೆದರಿ ಗುಂಪಾಗಿ ಎದ್ದು ನೀರಿನ ಮೇಲೆ ಜಾರಿಕೊಂಡು ಹೋಗುವುದನ್ನೂ ಇಲ್ಲಿಂದಲೇ ಚೆನ್ನಾಗಿ ನೋಡಬಹುದು. ದರವೂ ಹೆಚ್ಚಾಗಿ ಮೇಲಿನವಕ್ಕಿಂತ ಕಡಿಮೆ.

2018ರ ‘ಸೆಲೆಬ್ರಿಟಿ ಎಡ್ಜ್’ನಿಂದ ಮುಂದೆ ಕೆಲವು ಹಡಗುಗಳಲ್ಲಿ ಬಾಲ್ಕನಿಯ ಬದಲು ದೊಡ್ಡ ಗಾಜು ಇರುತ್ತದೆ. ಗುಂಡಿ ಒತ್ತಿದರೆ ಮೇಲಿನ ಅರ್ಧ ಕೆಳಗಿಳಿಯುತ್ತದೆ. ಕೋಣೆ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಹೊರಗೆ ಹೋಗಿ ಕೂತ ಹಾಗಾಗುವುದಿಲ್ಲ. ಕಡಲ ದಿನಕ್ಕೆ ನನಗೆ ಹಳೆಯ ಬಾಲ್ಕನಿಯೇ ಮೇಲು. ಬುಕ್ ಮಾಡುವ ಮುಂಚೆ ಹೆಸರಲ್ಲಿ ಬಾಲ್ಕನಿ ಇದೆ ಅಂತ ಸುಮ್ಮನಾಗದೆ ಚಿತ್ರ ನೋಡಿ.

ಕಿಟಕಿ ಮಾತ್ರ ಇರುವ ಕ್ಯಾಬಿನ್ ಚಳಿ ಮಾರ್ಗಕ್ಕೆ ಸಾಕು. ಲೈಫ್‌ಬೋಟ್ ಅಡ್ಡ ಬರುವ ಕಿಟಕಿಗಳು ಅಗ್ಗ. ಬೆಳಕಷ್ಟೇ ಸಾಕು ಅನ್ನುವವರು ತೆಗೆದುಕೊಳ್ಳಬಹುದು.

ಒಳಗಿನ ಕ್ಯಾಬಿನ್ನನ್ನು ಸುಮ್ಮಸುಮ್ಮನೆ ಬೈಯುತ್ತಾರೆ. ದೀಪ ಆರಿಸಿದರೆ ಅಲ್ಲಿ ಗವ್ವೆನ್ನುವ ಕತ್ತಲೆ. ಮಧ್ಯಾಹ್ನದ ನಿದ್ದೆಗೆ ಹಡಗಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬೆಳಗಾಗಿದ್ದು ಗೊತ್ತಾಗುವುದಿಲ್ಲ ಅನ್ನೋದೇ ಕಷ್ಟ. ಅದಕ್ಕೆ ಒಂದು ಉಪಾಯವಿದೆ. ಬಹಳಷ್ಟು ಹಡಗುಗಳಲ್ಲಿ ಟಿವಿಯ ಒಂದು ಚಾನೆಲ್‌ನಲ್ಲಿ ಹಡಗಿನ ಮುಂದಿನ ಕ್ಯಾಮೆರಾ ಸದಾ ಓಡುತ್ತಿರುತ್ತದೆ. ಸದ್ದು ಪೂರ್ತಿ ಇಳಿಸಿ ಅದನ್ನು ಹಾಗೇ ಬಿಟ್ಟು ಮಲಗಿ. ರಾತ್ರಿಯೆಲ್ಲ ಪರದೆ ಕಪ್ಪಾಗಿರುತ್ತದೆ. ಸೂರ್ಯ ಏಳುವಾಗ ಕೋಣೆ ತಾನಾಗಿ ಬೆಳಗುತ್ತದೆ. ಉಳಿಸಿದ ದುಡ್ಡಿನಲ್ಲಿ ಡೆಕ್ ಮೇಲೆ ಒಳ್ಳೆಯ ಜಾಗ ಕೊಳ್ಳಬಹುದು. ಅದನ್ನು ಮುಂದೆ ಹೇಳುತ್ತೇನೆ.

ಯಾವ ಬಗೆಯ ಕ್ಯಾಬಿನ್ ಆದರೂ ಅದರ ಮೇಲೆ ಕೆಳಗೆ ಏನಿದೆ ಅಂತ ಡೆಕ್ ನಕ್ಷೆಯಲ್ಲಿ ನೋಡಲೇಬೇಕು. ಈಜುಕೊಳದ ಡೆಕ್‌ನ ಕೆಳಗೇ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದಿಗೆ ಎಚ್ಚರವಾಗುತ್ತದೆ. ರಂಗಮಂದಿರ, ಡ್ಯಾನ್ಸ್ ಹಾಲ್ ಪಕ್ಕವಾದರೆ ರಾತ್ರಿ ನಿದ್ದೆಯಿಲ್ಲ. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇರುವ ಡೆಕ್‌ನ ನಡುಭಾಗ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದಾದ ಜಾಗ.

ಡೆಕ್ ಮೇಲೆ ಎಲ್ಲಿ ಕೂರುವುದು

ಈಜುಕೊಳದ ಸುತ್ತ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಜನವೋ ಜನ. ಸ್ಪೀಕರ್‌ನಲ್ಲಿ ಹಾಡು, ಯಾವುದೋ ಸ್ಪರ್ಧೆ. ಕುರ್ಚಿಗೆ ಟವೆಲ್ ಹಾಕಿ ಹೋದವರು ಪತ್ತೆಯಿರುವುದಿಲ್ಲ. ಅರ್ಧ ಗಂಟೆಯೋ ನಲವತ್ತು ನಿಮಿಷವೋ ಯಾರೂ ಬರದಿದ್ದರೆ ಸಾಮಾನು ತೆಗೆಯುತ್ತೇವೆ ಅಂತ ಹಲವು ಕಂಪನಿಗಳು ಹೇಳುತ್ತವೆ. ಸಿಬ್ಬಂದಿಗೆ ಹೇಳಿ ತೆಗೆಸಿ, ನೀವೇ ಕೈ ಹಾಕಬೇಡಿ. ಕೊಳ ಇಷ್ಟವಿದ್ದರೆ ಬೆಳಗ್ಗೆ ಏಳೆಂಟು ಗಂಟೆಗೆ ಹೋಗಿ, ಇಲ್ಲವೇ ಸಂಜೆ ಐದಕ್ಕೆ. ಸಂಜೆ ಎಲ್ಲರೂ ಊಟಕ್ಕೆ ಅಲಂಕಾರ ಮಾಡಿಕೊಳ್ಳಲು ಹೋಗಿರುತ್ತಾರೆ. ಗ್ರ್ಯಾಂಡ್ ಡ್ರೆಸ್ ಹಾಕುವ ರಾತ್ರಿಯನ್ನು ಸಾಮಾನ್ಯವಾಗಿ ಕಡಲ ದಿನವೇ ಇಡುತ್ತಾರೆ. ಆಗ ಕೊಳ ನಿಮ್ಮದೇ.

ದೊಡ್ಡವರಿಗೆ ಮಾತ್ರ ಅಂತ ಇರುವ ಜಾಗಗಳಲ್ಲಿ ಉಚಿತವೂ ಇವೆ, ದುಡ್ಡು ಕೊಡಬೇಕಾದವೂ ಇವೆ. ಕಾರ್ನಿವಲ್ ಕಂಪನಿಯ ‘ಸೆರೆನಿಟಿ’ 21 ದಾಟಿದವರಿಗೆ, ಉಚಿತ. ರಾಯಲ್ ಕೆರಿಬಿಯನ್ ಮತ್ತು ಸೆಲೆಬ್ರಿಟಿಯ ಬಹಳಷ್ಟು ಹಡಗುಗಳ ‘ಸೋಲಾರಿಯಂ’ 16 ದಾಟಿದವರಿಗೆ, ಅದಕ್ಕೂ ದುಡ್ಡಿಲ್ಲ. ಪ್ರಿನ್ಸೆಸ್‌ನ ಬಹಳಷ್ಟು ಹಡಗುಗಳಲ್ಲಿ ‘ಸ್ಯಾಂಕ್ಚುರಿ’ಗೆ ಬೇರೆ ದರವಿದೆ. ಯಾವುದು ವಾಸಿ? ಉಚಿತವಾದದ್ದು ಕಡಲ ದಿನ ಒಂಬತ್ತೂವರೆಗೇ ಭರ್ತಿ. ದುಡ್ಡು ಕೊಟ್ಟ ಕಡೆ ಕುರ್ಚಿ ನಿಮಗೇ ಅಂತ ಮೀಸಲಾಗಿರುತ್ತದೆ. ಒಂದೇ ಕಡಲ ದಿನವಿದ್ದರೆ ಕೊಡುವುದು ಸಾರ್ಥಕ. ಸಾಲಾಗಿ ಐದಾರು ದಿನವಿದ್ದರೆ ಬೇಡ, ಮೂರನೇ ದಿನಕ್ಕೆ ಉಚಿತ ಜಾಗವೂ ಖಾಲಿಯಾಗುತ್ತದೆ.

ನನ್ನ ಮೆಚ್ಚಿನ ಜಾಗ ಮಾತ್ರ ಪ್ರೊಮೆನೇಡ್ ಡೆಕ್. ಹಡಗನ್ನು ಪೂರ್ತಿ ಸುತ್ತಿ ಬರುವ, ಮೇಲೆ ಸೂರಿರುವ, ನಡೆಯಲು ಮಾಡಿದ ದಾರಿ. ಹಾಲೆಂಡ್ ಅಮೆರಿಕ ಕಂಪನಿಯ ಹಡಗುಗಳಲ್ಲಿ, ‘ಕ್ವೀನ್ ಮೇರಿ 2’ರಲ್ಲಿ ಇದು ಚೆನ್ನಾಗಿದೆ. ‘ಕ್ವೀನ್ ಮೇರಿ 2’ರಲ್ಲಿ ಮೂರು ಸುತ್ತು ಹಾಕಿದರೆ ಹತ್ತಿರ ಹತ್ತಿರ 1.8 ಕಿಲೋಮೀಟರ್. ಹಾಡಿಲ್ಲ, ಸ್ಪರ್ಧೆಯಿಲ್ಲ. ಮರದ ಒರಗು ಕುರ್ಚಿಯ ಮೇಲೆ ಕಂಬಳಿ ಹೊದ್ದು ಕೂತರೆ ಎದುರಿಗೆ ರೇಲಿಂಗ್, ಅದರಾಚೆ ನೀರು. ನಡೆಯುವವರು ಅದೇ ಮುಖಗಳೇ ಹತ್ತು ನಿಮಿಷಕ್ಕೊಮ್ಮೆ ಹಾದುಹೋಗುತ್ತಾರೆ. ನಾಲ್ಕನೇ ಸುತ್ತಿಗೆ ನಗುತ್ತಾರೆ. ಹೊಸ ದೊಡ್ಡ ಹಡಗುಗಳಲ್ಲಿ ಕೆಲವಕ್ಕೆ ಪೂರ್ತಿ ಸುತ್ತುವ ಡೆಕ್ಕೇ ಇಲ್ಲ. ಹಡಗು ಆರಿಸುವಾಗ ನಾನು ನಕ್ಷೆಯಲ್ಲಿ ಮೊದಲು ಹುಡುಕುವುದು ಇದನ್ನೇ.

ಹಡಗಿನ ಮುಂದುಗಡೆ ಮೇಲಿರುವ ಗಾಜಿನ ಲೌಂಜ್ ಮಳೆಗೂ ಚಳಿಗೂ ಒಳ್ಳೆಯದು. ರಾತ್ರಿ ಬಾರ್ ಆಗುವ ಜಾಗ, ಬೆಳಗ್ಗೆ ಹೆಚ್ಚಾಗಿ ಖಾಲಿ. ಅಲೆ ಜೋರಾದ ದಿನ ಮಾತ್ರ ಅಲ್ಲಿಗೆ ಹೋಗಬೇಡಿ.

ಇನ್ನು ಗಾಳಿಯ ವಿಷಯ. ಹಡಗು ಸಾಮಾನ್ಯವಾಗಿ 20 ನಾಟ್ ಆಸುಪಾಸಿನಲ್ಲಿ ಹೋಗುತ್ತದೆ, ಅಂದರೆ ಗಂಟೆಗೆ 37 ಕಿಲೋಮೀಟರ್. ಎದುರಿನಿಂದ 15 ನಾಟ್ ಗಾಳಿ ಬಂದರೆ ತೆರೆದ ಡೆಕ್ ಮೇಲೆ ಅದು 35 ನಾಟ್, ಗಂಟೆಗೆ 65 ಕಿಲೋಮೀಟರ್. ಟೋಪಿ ಹಾರುತ್ತದೆ, ಪುಸ್ತಕದ ಹಾಳೆ ನಿಲ್ಲುವುದಿಲ್ಲ. ಅದೇ ಗಾಳಿ ಹಿಂದಿನಿಂದ ಬಂದರೆ ಡೆಕ್ ಮೇಲೆ ಬರೀ 5 ನಾಟ್, ಎಲೆ ಮೆಲ್ಲಗೆ ಅಲುಗುವಷ್ಟು. ಬೆಳಗ್ಗೆ ಕುರ್ಚಿ ಹಿಡಿಯುವ ಮುಂಚೆ ಒಂದು ಸುತ್ತು ಹಾಕಿ, ಗಾಳಿ ಯಾವ ಕಡೆ ಅಂತ ನೋಡಿ. ಗಾಳಿಯ ತಂಪಿನಲ್ಲಿ ಚರ್ಮ ಸುಡುತ್ತಿರುವುದು ಗೊತ್ತಾಗುವುದಿಲ್ಲ ಅನ್ನೋದು ಇನ್ನೊಂದು ಅಪಾಯ. ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಹಚ್ಚಲೇಬೇಕು.

ಸ್ಪಾ, ಊಟ, ಇಂಟರ್ನೆಟ್

ಮಸಾಜ್‌ಗೆ ಕಡಲ ದಿನ ದರ ಜಾಸ್ತಿ, ಬಂದರಿನ ದಿನ ರಿಯಾಯಿತಿ ಸಿಗುವುದು ಸಾಮಾನ್ಯ. ಹಾಗಾಗಿ ಮಸಾಜ್ ಬಂದರಿನ ದಿನಕ್ಕಿಡಿ. ಕಡಲ ದಿನಕ್ಕೆ ಥರ್ಮಲ್ ಸೂಟ್‌ನ ಪಾಸ್ ಉತ್ತಮ. ಬಿಸಿ ಕಲ್ಲಿನ ಒರಗು ಮಂಚ, ಹಬೆ ಕೋಣೆ, ಮುಂದೆ ಕಡಲು. ಪಾಸ್‌ಗಳು ಮಿತವಾಗಿರುತ್ತವೆ, ಹಡಗು ಹತ್ತಿದ ದಿನವೇ ಕೇಳಿ.

ಬಫೆಯಲ್ಲಿ ಒಂಬತ್ತರಿಂದ ಹತ್ತೂವರೆ ಗಂಟೆಯ ಸಮಯ ಬಿಟ್ಟುಬಿಡಿ. ಕಡಲ ದಿನ ಎಲ್ಲರೂ ತಡವಾಗಿ ಏಳುತ್ತಾರೆ, ಒಟ್ಟಿಗೇ ಬರುತ್ತಾರೆ. ದೊಡ್ಡ ಊಟದ ಹಾಲ್ ಆ ದಿನ ಮಧ್ಯಾಹ್ನವೂ ತೆರೆದಿರುತ್ತದೆ. ಅಲ್ಲಿ ಕೂತ ಕಡೆಗೇ ಬಡಿಸುತ್ತಾರೆ. ತಟ್ಟೆ ಹಿಡಿದು ಜಾಗ ಹುಡುಕುವುದಕ್ಕಿಂತ ಅದೇ ಸುಖ. ಕೈಯನ್ನು ಸೋಪು ನೀರಿನಲ್ಲೇ ತೊಳೆಯಿರಿ. ಹಡಗುಗಳಲ್ಲಿ ಹರಡುವ, ವಾಂತಿ-ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

2022ರಿಂದೀಚೆಗೆ ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಬಂದ ಮೇಲೆ ಹಡಗಿನ ಇಂಟರ್ನೆಟ್ ಎಷ್ಟೋ ಸುಧಾರಿಸಿದೆ. ಅದಕ್ಕೇ ಈಗ ಬೇಕೋ ಬೇಡವೋ ಅನ್ನೋದು ನಿಮ್ಮ ಆಯ್ಕೆ. ನಾನು ಬೇಡ ಅನ್ನುವ ಕಡೆ. ಕೊಳ್ಳಿ, ಬಿಡಿ, ಫೋನನ್ನು ಮಾತ್ರ ಏರೋಪ್ಲೇನ್ ಮೋಡ್‌ನಲ್ಲಿಡಿ. ನಡುಗಡಲಲ್ಲಿ ಹಡಗಿನದೇ ಮೊಬೈಲ್ ನೆಟ್‌ವರ್ಕ್‌ಗೆ ಅದು ತಾನಾಗಿ ಸೇರಿಕೊಂಡರೆ ಬಿಲ್ ವಿಪರೀತ ಬರುತ್ತದೆ.

ರಾತ್ರಿ ಕ್ಯಾಬಿನ್‌ಗೆ ಅಥವಾ ಆಪ್‌ಗೆ ಮರುದಿನದ ಕಾರ್ಯಕ್ರಮ ಪಟ್ಟಿ ಬರುತ್ತದೆ. ಬೆಳಗಿನಿಂದ ರಾತ್ರಿವರೆಗೆ ಏನಾದರೊಂದು. ಅದರಲ್ಲಿ ಒಂದನ್ನೋ ಎರಡನ್ನೋ ಆರಿಸಿ, ಸಾಕು. ಮಧ್ಯಾಹ್ನ ಹನ್ನೆರಡಕ್ಕೆ ಬ್ರಿಡ್ಜ್‌ನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ, ಬರುವ ಪ್ರಕಟಣೆಯನ್ನು ಮಾತ್ರ ತಪ್ಪಿಸಬೇಡಿ. ಹಡಗು ಎಲ್ಲಿದೆ, ವೇಗ ಎಷ್ಟು, ಗಾಳಿ ಎಷ್ಟು, ಕೆಲವೊಮ್ಮೆ ಕೆಳಗೆ ಆಳ ಎಷ್ಟು ಅಂತ ಹೇಳುತ್ತಾರೆ. ಕುರ್ಚಿಯ ಕೆಳಗೆ ನಾಲ್ಕು ಕಿಲೋಮೀಟರ್ ನೀರಿದೆ ಅಂತ ಕೇಳಿದ ಮೇಲೆ ಅದೇ ಕಡಲನ್ನು ನೋಡುವ ಕಣ್ಣು ಬೇರೆಯಾಗುತ್ತದೆ.

ಹೊಟ್ಟೆ ತೊಳಸುವವರು ಏನು ಆರಿಸಬೇಕು

ನಡುಭಾಗ, ಕೆಳಗಿನ ಡೆಕ್. ಇದೊಂದು ಮಾತು ನೆನಪಿರಲಿ. ಹಡಗು ಮುಂದಕ್ಕೆ ಹಿಂದಕ್ಕೆ ತೂಗುವಾಗ ಎರಡು ತುದಿಗಳು ಜಾಸ್ತಿ ಏರಿಳಿಯುತ್ತವೆ. ಪಕ್ಕಕ್ಕೆ ಓಲಾಡುವಾಗ ಮೇಲಿನ ಡೆಕ್‌ಗಳು ಜಾಸ್ತಿ ವಾಲುತ್ತವೆ. ಹಡಗಿನ ಎರಡೂ ಬದಿಯಲ್ಲಿ ನೀರಿನೊಳಗೆ ಚಾಚುವ ರೆಕ್ಕೆಯಂಥ ಸ್ಟೆಬಿಲೈಸರ್‌ಗಳು ಪಕ್ಕದ ಓಲಾಟವನ್ನು ತಗ್ಗಿಸುತ್ತವೆ. ಮುಂದೆ ಹಿಂದೆ ತೂಗುವುದಕ್ಕೆ ಅವು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಎದುರಲೆಯ ದಿನ ಮುಂಭಾಗದ ಕ್ಯಾಬಿನ್‌ನವರಿಗೆ ಕಷ್ಟ.

ಕಿವಿಯೊಳಗಿನ ಸಮತೋಲನದ ಅಂಗ ಅಲುಗಾಡುತ್ತಿದೆ ಅನ್ನುತ್ತದೆ, ಕಣ್ಣು ಗೋಡೆ ನಿಂತಿದೆ ಅನ್ನುತ್ತದೆ. ಈ ತಿಕ್ಕಾಟದಿಂದಲೇ ತೊಳಸುವುದು. ಒಳಗೆ ಮಲಗಿ ಫೋನ್ ನೋಡುವುದಕ್ಕಿಂತ ಹೊರಗೆ ಬಂದು ಬಾನಂಚು ನೋಡುತ್ತಾ ಕೂರುವುದು ವಾಸಿ. ಶುಂಠಿ ಕೆಲವರಿಗೆ ಆಗುತ್ತದೆ. ಮಾತ್ರೆಯಾದರೆ ತೊಳಸು ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ಹಲವು ಮಾತ್ರೆಗಳಿಂದ ನಿದ್ದೆ ಬರುತ್ತದೆ, ಯಾವುದು ನಿಮಗೆ ಸರಿ ಅಂತ ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ಬಿಸ್ಕೇ ಕೊಲ್ಲಿ, ಅಂಟಾರ್ಕ್ಟಿಕಾ ದಾರಿಯ ಡ್ರೇಕ್ ಜಲಸಂಧಿ ಅಲೆಗಳಿಗೆ ಹೆಸರುವಾಸಿ. ಡ್ರೇಕ್ ದಾಟಲು ಒಂದೊಂದು ಕಡೆಗೂ ಸುಮಾರು ಎರಡು ದಿನ ಬೇಕು. ಅವನ್ನು ಆರಾಮದ ಕಡಲ ದಿನ ಅಂತ ಎಣಿಸಬೇಡಿ.

ಬಂದರು ತಪ್ಪಿದ ದಿನ

ಗಾಳಿ ಜೋರಾಗಿ ಹಡಗು ಬಂದರಿಗೆ ಹೋಗಲಾಗದೆ ಹೋದರೆ ನಿಮಗೆ ಬೇಡದ ಒಂದು ಕಡಲ ದಿನ ಸಿಗುತ್ತದೆ. ಬೆಳಗ್ಗೆ ಪ್ರಕಟಣೆ ಬಂದ ಕೂಡಲೇ ಬಹಳಷ್ಟು ಜನ ವಿಚಾರಣೆಯ ಕೌಂಟರ್ ಮುಂದೆ ಸಾಲು ನಿಲ್ಲುತ್ತಾರೆ. ಅಲ್ಲಿ ನಿಲ್ಲುವುದರಿಂದ ಏನೂ ಸಿಗುವುದಿಲ್ಲ. ಹಡಗಿನವರ ಮೂಲಕವೇ ಬುಕ್ ಮಾಡಿದ ಪ್ರವಾಸದ ದುಡ್ಡು ತಾನಾಗಿ ವಾಪಸ್ ಬರುತ್ತದೆ. ಹೊರಗಿನವರ ಹತ್ತಿರ ಬುಕ್ ಮಾಡಿದ್ದರೆ ಅವರನ್ನೇ ಕೇಳಬೇಕು, ಅದಕ್ಕೂ ಕೌಂಟರ್‌ನವರು ಬೇಕಿಲ್ಲ.

ಆ ಸಾಲು ಬೆಳೆಯುತ್ತಿರುವಾಗಲೇ ಸ್ಪಾಗೆ ಫೋನ್ ಮಾಡಿ ಜಾಗ ಕೇಳಿ. ದುಡ್ಡು ಕೊಡುವ ಶಾಂತ ಡೆಕ್ ಇದ್ದರೆ ಅದನ್ನೂ ಕೇಳಿ. ಹೊಸ ಕಾರ್ಯಕ್ರಮ ಪಟ್ಟಿ ಬರಲು ಇನ್ನೂ ಗಂಟೆ ಎರಡು ಗಂಟೆ ಬೇಕು, ಅಷ್ಟರೊಳಗೆ ಕೇಳಿದವರಿಗೆ ಸಿಗುತ್ತದೆ. ಅಲೆ ಜೋರಿದ್ದರೆ ಈಜುಕೊಳದ ನೀರು ತುಳುಕಿ ಹೊರಗೆ ಚೆಲ್ಲುವುದರಿಂದ ಅದನ್ನು ಖಾಲಿ ಮಾಡಿ ಬಲೆ ಕಟ್ಟಿರುತ್ತಾರೆ. ಆಗ ಅಷ್ಟೂ ಜನ ಒಳಗೆ ಬರುತ್ತಾರೆ, ಬಫೆಯೂ ಬಾರೂ ತುಂಬುತ್ತವೆ. ಪುಸ್ತಕ ಹಿಡಿದು ನಡುಭಾಗದ ಕೆಳಗಿನ ಡೆಕ್‌ನಲ್ಲಿ ಕಿಟಕಿ ಪಕ್ಕದ ಒಂದು ಕುರ್ಚಿ ಹುಡುಕಿಕೊಳ್ಳಿ. ಹಳೆಯ ಬಗೆಯ ಹಡಗುಗಳಲ್ಲಿ ಗ್ರಂಥಾಲಯ ಅಥವಾ ಇಸ್ಪೀಟ್ ಕೋಣೆ ಇರುವುದು ಹೆಚ್ಚಾಗಿ ಅಂಥ ಕಡೆಯೇ. ಹತ್ತು ಗಂಟೆಯೊಳಗೆ ಹೋದರೆ ಜಾಗ ಸಿಗುತ್ತದೆ.